ಬೆಂಕಿಪುರಕ್ಕೆ ಬಂದ ವಿದ್ಯುತ್ತು

ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಭದ್ರಾ ನದಿಯ ದಡದಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಸುತ್ತ ಬೆಳೆದ ಹಳೆಯ ಊರು ಅದು. ಆ ಹೆಸರಿಗೆ ತಕ್ಕ ಬೆಂಕಿ ಊರಿನಲ್ಲಿ ಹೊತ್ತಿಕೊಂಡದ್ದು 1923ರಲ್ಲಿ. ಆ ವೇಳೆಗೆ ಊರಿನ ಹೆಸರು ಭದ್ರಾವತಿಯಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಯೋಜನೆಯಂತೆ 1918ರಲ್ಲಿ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆಯು ಆ ವರ್ಷ ತನ್ನ ಊದುಕುಲುಮೆಯಿಂದ ಬೀಡು ಕಬ್ಬಿಣವನ್ನು ಹರಿಸಲಾರಂಭಿಸಿತು. ಕಾರ್ಖಾನೆಯೊಡನೆ ಕಾರ್ಮಿಕರ ವಸತಿಗಳೂ, ಶಾಲೆಗಳೂ, ರಸ್ತೆಗಳೂ ಬೆಳೆದು ಹಳೆಯ ಊರಿನ ಪಕ್ಕದಲ್ಲಿ ಮತ್ತೊಂದು ಊರೇ ಎದ್ದು ನಿಂತಿತು. ಜನರು ಅದನ್ನು ನ್ಯೂ ಟೌನ್ ಎಂದು ಕರೆದರು; ಇಂದಿಗೂ ಹಾಗೆಯೇ ಕರೆಯುತ್ತಾರೆ.

ಈ ಪಾಠದಲ್ಲಿ ನಾವು ವಿದ್ಯುಚ್ಛಕ್ತಿ ಮತ್ತು ಕಾಂತಶಕ್ತಿಗಳ ಕೆಲವು ಮೂಲತತ್ತ್ವಗಳನ್ನು ಪರಿಚಯ ಮಾಡಿಕೊಳ್ಳಲಿದ್ದೇವೆ. ಅದಕ್ಕೆ ಕಬ್ಬಿಣದ ಕಾರ್ಖಾನೆಯ ಕಥೆ ಏಕೆ ಎಂದು ನೀವು ಕೇಳಬಹುದು. ಭದ್ರಾವತಿಯ ಕುಲುಮೆಗಳಿಗೆ ವಿದ್ಯುತ್ತು ಏಕೆ ಬೇಕಾಯಿತು ಮತ್ತು ಅದು ಅಲ್ಲಿಗೆ ಹೇಗೆ ಬಂತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಈ ತತ್ತ್ವಗಳಲ್ಲಿ ಮುಖ್ಯವಾದುವು ಒಂದೊಂದಾಗಿ ಎದುರಾಗುತ್ತವೆ.

ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದಿರೆಂದರೆ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡು. ಅದರಲ್ಲಿರುವ ಆಕ್ಸಿಜನ್ನನ್ನು ಕಿತ್ತು ತೆಗೆದರೆ ಕಬ್ಬಿಣ ಉಳಿಯುತ್ತದೆ. ಕೀಳುವ ಕೆಲಸವನ್ನು ಮಾಡುವುದು ಇಂಗಾಲ. ಬಂಗಾಳ ಮತ್ತು ಬಿಹಾರಗಳ ಕಡೆ ಕಲ್ಲಿದ್ದಲಿನ ಗಣಿಗಳಿದ್ದುದರಿಂದ ಅಲ್ಲಿಯ ಕಾರ್ಖಾನೆಗಳು ಕೋಕನ್ನು ಬಳಸಿದವು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ. ಮಲೆನಾಡಿನ ಕಾಡು ಇತ್ತು. ಆದುದರಿಂದ ಭದ್ರಾವತಿಯ ಊದುಕುಲುಮೆಗೆ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲೇ ಆಹಾರವಾಯಿತು. ಒಂದು ಟನ್ನು ಇದ್ದಿಲಿಗೆ ನಾಲ್ಕೈದು ಟನ್ನು ಸೌದೆ ಬೇಕು. ಕಡಿದ ಮರ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಕುಲುಮೆಯ ಹಸಿವಿಗೂ ಮರದ ಬೆಳವಣಿಗೆಗೂ ವೇಗ ಒಂದೇ ಅಲ್ಲ.

ಕುಲುಮೆಯಲ್ಲಿ ಇದ್ದಿಲು ಎರಡು ಕೆಲಸಗಳನ್ನು ಮಾಡುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಒಂದು, ಉರಿದು ಶಾಖವನ್ನು ಕೊಡುವುದು. ಎರಡು, ಅದಿರಿನ ಆಕ್ಸಿಜನ್ನನ್ನು ಸೆಳೆದುಕೊಳ್ಳುವುದು. ಎರಡನೆಯ ಕೆಲಸಕ್ಕೆ ಎಷ್ಟು ಇಂಗಾಲ ಬೇಕು? ರಸಾಯನಶಾಸ್ತ್ರದ ಪಾಠದಲ್ಲಿ ಕಲಿತ ಪರಮಾಣು ತೂಕಗಳನ್ನು ನೆನಪಿಗೆ ತಂದುಕೊಂಡರೆ ಲೆಕ್ಕ ಸುಲಭ. ಕಬ್ಬಿಣದ ಆಕ್ಸೈಡಿನ ಒಂದು ಅಣುವಿನಲ್ಲಿ ಕಬ್ಬಿಣದ ಎರಡು ಪರಮಾಣುಗಳೂ ಆಕ್ಸಿಜನ್ನಿನ ಮೂರು ಪರಮಾಣುಗಳೂ ಇವೆ. ಆ ಮೂರನ್ನು ಸೆಳೆಯಲು ಇಂಗಾಲದ ಮೂರು ಪರಮಾಣುಗಳು ಬೇಕು. ಕಬ್ಬಿಣದ ಎರಡು ಪರಮಾಣುಗಳ ತೂಕ 112, ಇಂಗಾಲದ ಮೂರರ ತೂಕ 36. ಅಂದರೆ ಒಂದು ಟನ್ನು ಕಬ್ಬಿಣಕ್ಕೆ ಸುಮಾರು 320 ಕಿಲೋಗ್ರಾಂ ಇಂಗಾಲ. ಊದುಕುಲುಮೆಗೆ ಸುರಿಯುತ್ತಿದ್ದ ಇದ್ದಿಲು ಇದರ ಎರಡು ಪಟ್ಟಿಗೂ ಮಿಕ್ಕಿದ್ದಿತು. ಮಿಕ್ಕದ್ದೆಲ್ಲ ಮುಖ್ಯವಾಗಿ ಶಾಖಕ್ಕಾಗಿಯೇ ಬೆಂದುಹೋಗುತ್ತಿತ್ತು. ಶಾಖವನ್ನು ಬೇರೆಡೆಯಿಂದ ತಂದುಕೊಟ್ಟರೆ ಅಷ್ಟು ಕಾಡು ಉಳಿಯುತ್ತದಲ್ಲವೆ?

ಇದೇ ಪ್ರಶ್ನೆಯನ್ನು ಬಹಳ ದೂರದ ನಾರ್ವೆ ದೇಶದವರೂ ಕೇಳಿಕೊಂಡಿದ್ದರು. ಅವರಲ್ಲಿಯೂ ಕಲ್ಲಿದ್ದಲು ಕಡಿಮೆ, ಜಲಪಾತಗಳು ಬಹಳ. ಅವರು ಕಂಡುಕೊಂಡ ಉತ್ತರವೇ ವಿದ್ಯುತ್ ಕುಲುಮೆ. ಜೋಗದಲ್ಲಿ ವಿದ್ಯುದುತ್ಪಾದನೆ ಆರಂಭವಾದ ಮೇಲೆ, 1950ರ ದಶಕದಲ್ಲಿ, ನಾರ್ವೆಯ ಟಿಸ್ಲಾಂಡ್–ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಗೆ ಬಂದವು.

ಆ ಕುಲುಮೆಯಲ್ಲಿ ಗಾಳಿ ಊದಿ ಉರಿಸುವ ಬೆಂಕಿಯಿಲ್ಲ. ಇಂಗಾಲದಿಂದ ಮಾಡಿದ ಮೂರು ದಪ್ಪ ಕಂಬಗಳು ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲುಗಳ ರಾಶಿಯೊಳಕ್ಕೆ ಇಳಿಬಿದ್ದಿರುತ್ತವೆ. ಇವುಗಳಿಗೆ ವಿದ್ಯುದ್ವಾರಗಳೆಂದು ಹೆಸರು. ಒಂದು ವಿದ್ಯುದ್ವಾರದಿಂದ ಇನ್ನೊಂದಕ್ಕೆ ವಿದ್ಯುತ್ತು ಆ ರಾಶಿಯ ಮೂಲಕವೇ ಹರಿಯುತ್ತದೆ. ಹರಿಯುವಾಗ ರಾಶಿ ಕಾದು, ಕೆಂಪಾಗಿ, ಕಡೆಗೆ ಕರಗುತ್ತದೆ. ವಿದ್ಯುತ್ತು ಹರಿದರೆ ವಸ್ತು ಏಕೆ ಕಾಯಬೇಕು?

ಲೋಹದಂಥ ವಾಹಕಗಳಲ್ಲಿ ಎಲೆಕ್ಟ್ರಾನುಗಳೆಂಬ ಅತಿಸೂಕ್ಷ್ಮ ಕಣಗಳು ಪರಮಾಣುಗಳ ನಡುವೆ ಸ್ವತಂತ್ರವಾಗಿ ಅಲೆದಾಡುತ್ತಿರುತ್ತವೆ. ತಂತಿಯ ಎರಡು ತುದಿಗಳನ್ನು ಒಂದು ವಿದ್ಯುತ್ಕೋಶಕ್ಕೆ ಜೋಡಿಸಿದಾಗ ಅವೆಲ್ಲವೂ ಒಂದೇ ದಿಕ್ಕಿಗೆ ಸರಿಯತೊಡಗುತ್ತವೆ. ಇದೇ ವಿದ್ಯುತ್ ಪ್ರವಾಹ. ಭದ್ರಾ ನಾಲೆಯಲ್ಲಿ ನೀರು ಹರಿಯಬೇಕಾದರೆ ಎರಡು ಕಡೆಗಳ ಮಟ್ಟದಲ್ಲಿ ವ್ಯತ್ಯಾಸವಿರಬೇಕು. ಹಾಗೆಯೇ ವಿದ್ಯುತ್ತು ಹರಿಯಲು ತುದಿಗಳ ನಡುವೆ ವಿಭವಾಂತರವಿರಬೇಕು. ವಿಭವಾಂತರವನ್ನು ವೋಲ್ಟುಗಳಲ್ಲಿಯೂ ಪ್ರವಾಹವನ್ನು ಆಂಪಿಯರುಗಳಲ್ಲಿಯೂ ಅಳೆಯುತ್ತೇವೆ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ನಾಲೆ ಒಡೆದರೆ ನೀರು ಹೊರಗೆ ಚೆಲ್ಲುತ್ತದೆ; ತಂತಿ ತುಂಡಾದರೆ ವಿದ್ಯುತ್ತು ಚೆಲ್ಲುವುದಿಲ್ಲ, ನಿಂತೇ ಹೋಗುತ್ತದೆ. ಪ್ರವಾಹಕ್ಕೆ ಹೋಗುವ ದಾರಿಯಂತೆ ಹಿಂತಿರುಗುವ ದಾರಿಯೂ ಬೇಕು. ಇಂಥ ಪೂರ್ಣವಾದ ದಾರಿಗೆ ವಿದ್ಯುನ್ಮಂಡಲವೆನ್ನುತ್ತಾರೆ.

ಸರಿಯುವ ಎಲೆಕ್ಟ್ರಾನುಗಳು ದಾರಿಯಲ್ಲಿ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಈ ಅಡ್ಡಿಗೆ ರೋಧವೆಂದು ಹೆಸರು. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆಂದು 1827ರಲ್ಲಿ ಜರ್ಮನಿಯ ಓಮ್ ಎಂಬ ಶಾಲಾ ಉಪಾಧ್ಯಾಯರು ಪ್ರಕಟಿಸಿದರು. ಆದುದರಿಂದ ರೋಧದ ಮಾನಕ್ಕೆ ಅವರ ಹೆಸರೇ ಬಂದಿದೆ. ಡಿಕ್ಕಿಗಳಲ್ಲಿ ಎಲೆಕ್ಟ್ರಾನುಗಳು ಕಳೆದುಕೊಳ್ಳುವ ಶಕ್ತಿ ಪರಮಾಣುಗಳ ಕಂಪನವಾಗುತ್ತದೆ. ಪರಮಾಣುಗಳ ಕಂಪನವೇ ಶಾಖ. ಇಂಗ್ಲೆಂಡಿನ ಜೌಲ್ ಇದನ್ನು ಅಳೆದು, ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ತೋರಿಸಿದನು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಈ ‘ವರ್ಗ’ ಎಂಬ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಕಾಫಿಗೆ ನೀರು ಕಾಯಿಸುವ 1000 ವ್ಯಾಟಿನ ಒಂದು ಹೀಟರನ್ನು ಒಂದು ಗಂಟೆ ಹಚ್ಚಿಟ್ಟರೆ ಒಂದು ಯೂನಿಟ್ಟು ಖರ್ಚಾಗುತ್ತದೆ. ವಿದ್ಯುತ್ ಕುಲುಮೆಯಲ್ಲಿ ಒಂದು ಟನ್ನು ಬೀಡು ಕಬ್ಬಿಣ ತೆಗೆಯಲು ಸುಮಾರು 2,400 ಯೂನಿಟ್ಟು ಬೇಕೆಂದು ಇಟ್ಟುಕೊಳ್ಳೋಣ. ದಿನಕ್ಕೆ ನೂರು ಟನ್ನು ತೆಗೆಯುವ ಕುಲುಮೆಗೆ ದಿನವೊಂದಕ್ಕೆ 2,40,000 ಯೂನಿಟ್ಟು. ಇದನ್ನು 24 ಗಂಟೆಗಳಿಗೆ ಹಂಚಿದರೆ 10,000 ಕಿಲೋವ್ಯಾಟು. ಹತ್ತು ಸಾವಿರ ಹೀಟರುಗಳು ಹಗಲಿರುಳೂ ಉರಿದಂತೆ! ಜೋಗದ ಮಹಾತ್ಮಾಗಾಂಧಿ ವಿದ್ಯುದಾಗಾರದಲ್ಲಿ ಮೊದಲು ಹೂಡಿದ ನಾಲ್ಕು ಯಂತ್ರಗಳಲ್ಲಿ ಒಂದೊಂದರ ಸಾಮರ್ಥ್ಯ 12,000 ಕಿಲೋವ್ಯಾಟು. ಅಂದಮೇಲೆ ಅಂಥ ಒಂದೇ ಕುಲುಮೆಗೆ ಹೆಚ್ಚುಕಡಿಮೆ ಒಂದು ಯಂತ್ರವನ್ನೇ ಮೀಸಲಿಡಬೇಕಾಗುತ್ತದೆ.

ಜೋಗಕ್ಕೂ ಭದ್ರಾವತಿಗೂ ಸುಮಾರು ನೂರು ಕಿಲೋಮೀಟರ್ ದೂರ. ಈ ದೂರವನ್ನು ದಾಟಿಸುವುದೇ ನಿಜವಾದ ತೊಡಕು. ಹೋಗಿ ಬರುವ ತಂತಿಯ ಒಟ್ಟು ರೋಧ 10 ಓಮ್ ಎಂದು ಭಾವಿಸಿ. 10,000 ಕಿಲೋವ್ಯಾಟನ್ನು 10,000 ವೋಲ್ಟಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ 1,000 ಆಂಪಿಯರು. ತಂತಿಯನ್ನು ಕಾಯಿಸುವುದರಲ್ಲಿ ಆಗುವ ನಷ್ಟ, ಸಾವಿರದ ವರ್ಗವನ್ನು ಹತ್ತರಿಂದ ಗುಣಿಸಿದಷ್ಟು, ಎಂದರೆ ಒಂದು ಕೋಟಿ ವ್ಯಾಟು. ಕಳುಹಿಸಿದ್ದೂ ಅಷ್ಟೇ! ದಾರಿಯ ಕಾಗೆಗಳ ಕಾಲು ಬೆಚ್ಚಗಾದೀತೇ ಹೊರತು ಭದ್ರಾವತಿಗೆ ಏನೂ ತಲಪದು. ಅದೇ ಶಕ್ತಿಯನ್ನು 1,00,000 ವೋಲ್ಟಿನಲ್ಲಿ ಕಳುಹಿಸಿ ನೋಡಿ. ಪ್ರವಾಹ 100 ಆಂಪಿಯರಿಗೆ ಇಳಿಯುತ್ತದೆ. ನಷ್ಟ 1,00,000 ವ್ಯಾಟು, ನೂರಕ್ಕೆ ಒಂದು ಪಾಲು ಮಾತ್ರ. ನಿಜವಾದ ಮಾರ್ಗಗಳಲ್ಲಿ ಮೂರು ತಂತಿಗಳಿರುತ್ತವೆ. ಅವುಗಳ ಲೆಕ್ಕ ಸ್ವಲ್ಪ ಬೇರೆ. ಆದರೆ ತತ್ತ್ವ ಇದೇ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು 1902ರಲ್ಲಿಯೇ ಸಾಗಿಸಲು ಸಾಧ್ಯವಾದದ್ದು ಈ ತತ್ತ್ವದಿಂದ. ಹೊಲಗಳ ಮೇಲೆ ಹಾದುಹೋಗುವ ಎತ್ತರದ ಉಕ್ಕಿನ ಗೋಪುರಗಳನ್ನೂ, ಅವುಗಳಿಂದ ಸರದಂತೆ ಇಳಿಬಿದ್ದ ಪಿಂಗಾಣಿ ಬಿಲ್ಲೆಗಳನ್ನೂ ನೀವು ನೋಡಿರಬಹುದು. ಪಿಂಗಾಣಿ ಅವಾಹಕ. ವೋಲ್ಟು ಹೆಚ್ಚಿದಷ್ಟೂ ಸರ ಉದ್ದವಾಗುತ್ತದೆ.

ಆದರೆ ಕುಲುಮೆಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ ಪ್ರವಾಹ ಹೆಚ್ಚಿದಷ್ಟೂ ಶಾಖ ಹೆಚ್ಚು. ಕಾದ ಅದಿರಿನ ರಾಶಿಯ ರೋಧ ಒಂದು ಓಮಿನ ಸಣ್ಣ ಅಂಶ ಮಾತ್ರವಾದ್ದರಿಂದ ನೂರಿನ್ನೂರು ವೋಲ್ಟುಗಳೇ ಸಾಕು. ಪ್ರವಾಹ ಮಾತ್ರ ಹತ್ತಾರು ಸಾವಿರ ಆಂಪಿಯರು ಬೇಕು. ದಾರಿಯಲ್ಲಿ ಹೆಚ್ಚು ವೋಲ್ಟು, ಕಡಿಮೆ ಪ್ರವಾಹ. ಕುಲುಮೆಯಲ್ಲಿ ಕಡಿಮೆ ವೋಲ್ಟು, ಹೆಚ್ಚು ಪ್ರವಾಹ. ಒಂದನ್ನು ಇನ್ನೊಂದಾಗಿ ಮಾರ್ಪಡಿಸಿಕೊಡುವ ಸಾಧನ ಪರಿವರ್ತಕ. ನಾವು ದಿನಬಳಕೆಯಲ್ಲಿ ಅದನ್ನು ಟ್ರಾನ್ಸ್‌ಫಾರ್ಮರ್ ಎನ್ನುತ್ತೇವೆ. ಅದನ್ನು ತಿಳಿಯಲು ಆಯಸ್ಕಾಂತದ ಕಡೆಗೆ ತಿರುಗಬೇಕು.

ವಿದ್ಯುತ್ತಿಗೂ ಕಾಂತತ್ವಕ್ಕೂ ಏನೂ ಸಂಬಂಧವಿಲ್ಲವೆಂದೇ ಬಹುಕಾಲ ಜನ ತಿಳಿದಿದ್ದರು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕನು, ಪ್ರವಾಹ ಹರಿಯುವ ತಂತಿಯ ಬಳಿ ಇಟ್ಟ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ತಿರುಗುವುದನ್ನು ಕಂಡನು. ಹರಿಯುವ ವಿದ್ಯುತ್ತು ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ ಎಂದು ಇದರಿಂದ ತಿಳಿದುಬಂತು. ಇದನ್ನು ನೀವೂ ಮಾಡಿ ನೋಡಬಹುದು. ಒಂದು ದೊಡ್ಡ ಕಬ್ಬಿಣದ ಮೊಳೆಗೆ ಹೊದಿಕೆಯುಳ್ಳ ತಾಮ್ರದ ತೆಳುತಂತಿಯನ್ನು ಐವತ್ತು ಸುತ್ತು ಸುತ್ತಿ, ತಂತಿಯ ತುದಿಗಳನ್ನು ಟಾರ್ಚಿನ ಒಂದು ಸೆಲ್ಲಿಗೆ ಮುಟ್ಟಿಸಿ. ಮೊಳೆ ಗುಂಡುಸೂಜಿಗಳನ್ನು ಎತ್ತುತ್ತದೆ. ತುದಿಯನ್ನು ಬಿಡಿಸಿದೊಡನೆ ಬಹುಪಾಲು ಸೂಜಿಗಳು ಉದುರುತ್ತವೆ. ತಂತಿ ಬೇಗ ಬಿಸಿಯಾಗುವುದರಿಂದ ಕೆಲವು ಕ್ಷಣಗಳಿಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಈ ಪ್ರಯೋಗಕ್ಕೆ ಎಂದಿಗೂ ಬಳಸಬಾರದು.

ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ ಕಾಂತತ್ವದಿಂದ ವಿದ್ಯುತ್ತು ಹುಟ್ಟಬಾರದೇಕೆ? ಲಂಡನ್ನಿನ ಮೈಕೇಲ್ ಫ್ಯಾರಡೆ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದನು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು ಆತ. ಗಣಿತ ಅವನಿಗೆ ಹೆಚ್ಚು ಬರುತ್ತಿರಲಿಲ್ಲ. 1831ರಲ್ಲಿ ಅವನು ಒಂದು ಕಬ್ಬಿಣದ ಬಳೆಯ ಎರಡು ಪಕ್ಕಗಳಿಗೆ ಎರಡು ಬೇರೆ ಬೇರೆ ಸುರುಳಿಗಳನ್ನು ಸುತ್ತಿದನು. ಒಂದರಲ್ಲಿ ಪ್ರವಾಹ ಹರಿಸಿದರೆ ಇನ್ನೊಂದರಲ್ಲಿ ಏನೂ ಕಾಣಲಿಲ್ಲ. ಆದರೆ ಪ್ರವಾಹವನ್ನು ಆರಂಭಿಸುವ ಕ್ಷಣದಲ್ಲಿಯೂ ನಿಲ್ಲಿಸುವ ಕ್ಷಣದಲ್ಲಿಯೂ ಎರಡನೆಯ ಸುರುಳಿಗೆ ಜೋಡಿಸಿದ ಮುಳ್ಳು ಅಲುಗಿತು. ಕಾಂತಕ್ಷೇತ್ರ ಸುಮ್ಮನೆ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು! ಬದಲಾವಣೆಯಿಂದಲೇ ವಿದ್ಯುತ್ತು ಪ್ರೇರಿತವಾಗುತ್ತದೆ. ಅವನ ಮುಂಚೆ ಹಲವರು ಸೋತದ್ದು ನಿಶ್ಚಲವಾದ ಕಾಂತದ ಮುಂದೆ ಕಾದು ಕುಳಿತದ್ದರಿಂದ.

ಫ್ಯಾರಡೆಯ ಆ ಬಳೆಯೇ ಜಗತ್ತಿನ ಮೊದಲ ಪರಿವರ್ತಕ. ಒಂದು ಸುರುಳಿಯಲ್ಲಿ ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತನ್ನು ಹರಿಸಿದರೆ ಇನ್ನೊಂದರಲ್ಲಿಯೂ ನಿರಂತರವಾಗಿ ವಿದ್ಯುತ್ತು ದೊರೆಯುತ್ತದೆ. ಎರಡನೆಯದರಲ್ಲಿ ಸುತ್ತುಗಳು ಹತ್ತು ಪಟ್ಟಿದ್ದರೆ ವೋಲ್ಟು ಹತ್ತು ಪಟ್ಟು, ಪ್ರವಾಹ ಹತ್ತನೆಯ ಒಂದು ಪಾಲು. ಸುತ್ತುಗಳು ಕಡಿಮೆಯಿದ್ದರೆ ಇದಕ್ಕೆ ವಿರುದ್ಧ. ಜೋಗದಲ್ಲಿ ಒಂದು ಪರಿವರ್ತಕ ವೋಲ್ಟನ್ನು ಏರಿಸುತ್ತದೆ, ಭದ್ರಾವತಿಯಲ್ಲಿ ಮತ್ತೊಂದು ಇಳಿಸುತ್ತದೆ. ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವಣ ಕಬ್ಬಿಣದ ತಿರುಳಿನ ಕಾಂತಕ್ಷೇತ್ರವೊಂದೇ ಅವುಗಳ ಸೇತುವೆ. ನಮ್ಮ ದೇಶದಲ್ಲಿ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳನ್ನು ಮಾಡುತ್ತದೆ. ಪ್ರತಿ ಆವರ್ತನೆಯಲ್ಲಿ ಎರಡು ಸಲ ತಿರುಳು ಅತ್ಯಲ್ಪವಾಗಿ ಹಿಗ್ಗಿ ಕುಗ್ಗುವುದರಿಂದ, ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ದುಂಬಿಯ ಝೇಂಕಾರದಂಥ ಸದ್ದು ಕೇಳಿಸುತ್ತದೆ.

ತಿರುಳಿನ ಕಬ್ಬಿಣಕ್ಕೆ ಸಾಮಾನ್ಯವಾಗಿ ನೂರಕ್ಕೆ ಮೂರರಷ್ಟು ಸಿಲಿಕನ್ನನ್ನು ಬೆರೆಸಿ, ತೆಳು ಹಾಳೆಗಳಾಗಿ ಮಾಡಿ ಜೋಡಿಸಿರುತ್ತಾರೆ. ತಿರುಳಿನೊಳಗೇ ಸುಳಿಪ್ರವಾಹಗಳು ಹುಟ್ಟಿ ಶಕ್ತಿ ವ್ಯರ್ಥವಾಗುವುದು ಇದರಿಂದ ಕಡಿಮೆಯಾಗುತ್ತದೆ. ಉಕ್ಕಿಗೆ ಸಿಲಿಕನ್ನನ್ನು ಬೆರೆಸಲು ಬಳಸುವ ಫೆರೋಸಿಲಿಕಾನ್ ಎಂಬ ಮಿಶ್ರಲೋಹವೂ ಒಂದು ಕಾಲದಲ್ಲಿ ಭದ್ರಾವತಿಯ ವಿದ್ಯುತ್ ಕುಲುಮೆಗಳಲ್ಲಿ ತಯಾರಾಗುತ್ತಿತ್ತು.

ವಿದ್ಯುದಾಗಾರದ ಉತ್ಪಾದಕ ಯಂತ್ರವೂ ಫ್ಯಾರಡೆಯ ತತ್ತ್ವದ ಮೇಲೆಯೇ ನಡೆಯುತ್ತದೆ. ರಭಸದಿಂದ ಬರುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಡನೆ ವಿದ್ಯುತ್ಕಾಂತಗಳು ಸುರುಳಿಗಳ ನಡುವೆ ತಿರುಗುತ್ತವೆ. ಸುರುಳಿಗಳಲ್ಲಿ ಕಾಂತಕ್ಷೇತ್ರ ಬದಲಾಗುತ್ತ ವಿದ್ಯುತ್ತು ಹುಟ್ಟುತ್ತದೆ. ಇಲ್ಲಿ ಇನ್ನೊಂದು ಲೆಕ್ಕವನ್ನು ಮಾಡೋಣ. ಜೋಗದ ಜಲಪಾತದ ಎತ್ತರ 253 ಮೀಟರು. ಒಂದು ಕಿಲೋಗ್ರಾಂ ನೀರು ಅಷ್ಟು ಎತ್ತರದಿಂದ ಬಿದ್ದರೆ ಸುಮಾರು 2,480 ಜೌಲ್ ಶಕ್ತಿ ದೊರೆಯುತ್ತದೆ. ಒಂದು ಯೂನಿಟ್ಟೆಂದರೆ 36 ಲಕ್ಷ ಜೌಲ್. ಎಲ್ಲಿಯೂ ಏನೂ ನಷ್ಟವಾಗದೆಂದು ಭಾವಿಸಿದರೂ ಒಂದು ಯೂನಿಟ್ಟಿಗೆ ಸುಮಾರು 1,450 ಕಿಲೋಗ್ರಾಂ ನೀರು ಬೇಕಾಯಿತು. ಒಂದು ಟನ್ನು ಕಬ್ಬಿಣಕ್ಕೆ 2,400 ಯೂನಿಟ್ಟು, ಎಂದರೆ ಸುಮಾರು 3,500 ಟನ್ನು ನೀರು!

ಕಾಡಿನ ಬದಲು ನೀರನ್ನು ಬಳಸಿದ್ದು ಲಾಭವೇ. ಆದರೂ ಅದು ಬಿಟ್ಟಿಯಾಗಿ ಬಂದದ್ದಲ್ಲ. ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಆ ಅಣೆಕಟ್ಟೂ ಮುಳುಗಿತು. ಅದರೊಂದಿಗೆ ಊರುಗಳು, ಗದ್ದೆಗಳು, ತೋಟಗಳು ಮುಳುಗಿದವು. ಆ ಊರುಗಳವರು ಮನೆಮಾರುಗಳನ್ನು ತೊರೆದು ಬೇರೆಡೆಗೆ ಹೋಗಬೇಕಾಯಿತು. ಯೂನಿಟ್ಟಿನ ಬೆಲೆಯನ್ನು ಲೆಕ್ಕ ಹಾಕುವಾಗ ಇದು ಪುಸ್ತಕದಲ್ಲಿ ಬರುವುದಿಲ್ಲ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ತುಂಬದೆ ವಿದ್ಯುತ್ತಿಗೆ ಕೊರತೆ ಬಂದಾಗ, ಇಷ್ಟು ನೀರನ್ನು ಬೇಡುವ ಕುಲುಮೆಗೆ ಮೊದಲು ಪೆಟ್ಟು ಬೀಳುವುದು ಸಹಜ. ಮುಂದೆ ಭದ್ರಾವತಿ ಕೋಕಿನ ಊದುಕುಲುಮೆಗೇ ಹಿಂತಿರುಗಿತು. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು; ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ಘಟಕಗಳು ಮತ್ತೆ ಚಾಲನೆ ಪಡೆದವು.

ಕುಲುಮೆಯ ಇಂಗಾಲದ ಕಂಬಗಳನ್ನು ಕುರಿತು ಒಂದು ಮಾತು ಉಳಿದಿದೆ. ಅಲೋಹಗಳು ಸಾಮಾನ್ಯವಾಗಿ ಅವಾಹಕಗಳು. ಆದರೆ ಗ್ರಾಫೈಟಿನಂಥ ಇಂಗಾಲ ಒಳ್ಳೆಯ ವಾಹಕ. ಅಲ್ಲದೆ ಅದು ಕಬ್ಬಿಣ ಕರಗುವ ಶಾಖದಲ್ಲಿಯೂ ಕರಗದು. ಆದುದರಿಂದಲೇ ವಿದ್ಯುದ್ವಾರಕ್ಕೆ ಅದನ್ನು ಆರಿಸಿದ್ದಾರೆ. ಈ ಸಂಗತಿ ಮಲೆನಾಡಿನ ಅಡಿಕೆ ತೋಟದ ಮಕ್ಕಳಿಗೆ ಬಹಳ ಮುಖ್ಯವಾದದ್ದು. ಈಚಿನ ವರ್ಷಗಳಲ್ಲಿ ಕೊನೆ ಕೊಯ್ಯಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಳಕೆಗೆ ಬಂದಿವೆ. ಅವು ಹಗುರವಾಗಿರುವುದರಿಂದಲೂ, ಲೋಹದಂತೆ ಹೊಳೆಯದೆ ಇರುವುದರಿಂದಲೂ, ವಿದ್ಯುತ್ತು ಅವುಗಳಲ್ಲಿ ಹರಿಯದೆಂದು ಕೆಲವರು ತಿಳಿಯುತ್ತಾರೆ. ಕಾರ್ಬನ್ ಎಂದರೆ ಇಂಗಾಲ; ಅದು ಹರಿಯಬಿಡುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ದೋಟಿ ತಾಗಿದರೆ, ಹಿಡಿದವನ ಮೈಯಿಂದ ನೆಲಕ್ಕೆ ವಿದ್ಯುನ್ಮಂಡಲ ಪೂರ್ಣವಾಗುತ್ತದೆ. ಒದ್ದೆಯಾದ ಮೈಯ ರೋಧ 1,000 ಓಮ್ ಎಂದು ಹಿಡಿದರೆ, ಮನೆಯ 230 ವೋಲ್ಟು ಕೂಡ 0.23 ಆಂಪಿಯರನ್ನು ಹರಿಸುತ್ತದೆ. ಹೃದಯವನ್ನು ನಿಲ್ಲಿಸಲು ಅದರ ಅರ್ಧವೂ ಸಾಕು. ತಂತಿಯ ಬಳಿಯ ಮರಗಳ ಕೊಯಿಲಿಗೆ ಮೊದಲು ಲೈನ್‌ಮನ್ನರಿಗೆ ತಿಳಿಸಿ ಮಾರ್ಗವನ್ನು ನಿಲ್ಲಿಸಿಕೊಳ್ಳಬೇಕು.

ಇನ್ನು ಕಬ್ಬಿಣದ ಊರಿನವರಿಗೆ ಪರಿಚಿತವಾದ ಒಂದು ವಿಚಿತ್ರವನ್ನು ನೋಡೋಣ. ಉಕ್ಕಿನ ಕಾರ್ಖಾನೆಗಳಲ್ಲಿ ಗುಜರಿ ಕಬ್ಬಿಣವನ್ನು ಎತ್ತಲು ಕ್ರೇನಿಗೆ ದೊಡ್ಡ ವಿದ್ಯುತ್ಕಾಂತವನ್ನು ತೂಗುಹಾಕಿರುತ್ತಾರೆ. ಅದು ನಿಮ್ಮ ಮೊಳೆಯ ಪ್ರಯೋಗವೇ, ಗಾತ್ರ ಮಾತ್ರ ದೊಡ್ಡದು. ಗುಂಡಿ ಒತ್ತಿದರೆ ಟನ್ನುಗಟ್ಟಲೆ ಕಬ್ಬಿಣ ಅಂಟಿಕೊಳ್ಳುತ್ತದೆ, ಬಿಟ್ಟರೆ ಬೀಳುತ್ತದೆ. ಆದರೆ ಕುಲುಮೆಯಿಂದ ಆಗತಾನೆ ತೆಗೆದ ಕೆಂಪಗಿನ ಕಬ್ಬಿಣದ ಮೇಲೆ ಅದೇ ಕಾಂತವನ್ನು ಇಳಿಸಿದರೆ ಒಂದು ತುಂಡೂ ಏಳುವುದಿಲ್ಲ. ಕಬ್ಬಿಣದೊಳಗೆ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಕಾಂತ. ತಣ್ಣಗಿರುವಾಗ ಅಕ್ಕಪಕ್ಕದವು ಒಂದೇ ದಿಕ್ಕಿಗೆ ಮುಖ ಮಾಡಿ ಗುಂಪು ಗುಂಪಾಗಿ ನಿಂತಿರುತ್ತವೆ. ಹೊರಗಿನ ಕಾಂತ ಆ ಗುಂಪುಗಳನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಶಾಖ ಏರಿದಂತೆ ಪರಮಾಣುಗಳ ಕಂಪನ ಹೆಚ್ಚಿ, 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆ ಶಿಸ್ತು ಪೂರ್ತಿ ಕೆಡುತ್ತದೆ. ಅಲ್ಲಿಂದ ಮೇಲೆ ಕಬ್ಬಿಣವೂ ತಾಮ್ರದಂತೆಯೇ ಕಾಂತಕ್ಕೆ ಉದಾಸೀನವಾದ ಲೋಹ. ಬಣ್ಣ ಕೆಂಪಿನಿಂದ ಕಪ್ಪಿಗೆ ತಿರುಗುತ್ತ ಬಂದಂತೆ ಸೆಳೆತ ತಾನಾಗಿ ಮರಳುತ್ತದೆ. ಅಲ್ಲಿಯವರೆಗೆ ಕ್ರೇನು ಕಾಯಬೇಕು, ಇಲ್ಲವೆ ಕೊಕ್ಕೆಯಿಂದ ಎತ್ತಬೇಕು.